ದಿಕ್ಕಿಲ್ಲದವಳಿಗೆ ಯಾರು ದಿಕ್ಕು?

ಹಾವೇರಿ ಜಿಲ್ಲೆಯ ಮಾಸೂರು ಸೀಮೆಯ ಮಾತಿನಲ್ಲಿ ಹೆತ್ತವರಿಲ್ಲದ ಕೂಸು ‘ಪರದೇಶಿ’. ಹುಟ್ಟಿದ ಓಣಿಯಲ್ಲೇ ಆಡುತ್ತಿದ್ದರೂ ಅದು ಪರದೇಶದ್ದು! ‘ದಿಕ್ಕಿಲ್ಲದವರಿಗೆ ದೇವರೇ ದಿಕ್ಕು’ ಎಂದು ಹಿರಿಯರು ಕೈಮುಗಿಯುತ್ತಾರೆ. ಆದರೆ ಆ ದೇವರು ಆ ಕೂಸಿಗೆ ರಾತ್ರಿಯ ರೊಟ್ಟಿಯನ್ನು ಯಾರ ಕೈಯಲ್ಲಿ ಕಳಿಸುತ್ತಾನೆ?

ಇದೇ ಸೀಮೆಯ ಕವಿ ಸರ್ವಜ್ಞ ಮಾಸೂರಿನ ಬಸವರಸ ಮತ್ತು ಅಂಬಲೂರಿನ ಕುಂಬಾರ ಮಾಳಿಯ ಮಗ ಎಂಬುದು ಪ್ರತೀತಿ. ಮನೆ ತೊರೆದ ಆತ ಊರೂರು ತಿರಿದುಂಡು ಲೋಕವನ್ನೇ ಮನೆ ಮಾಡಿಕೊಂಡ. ಹೊರಬಿದ್ದ ಗಂಡಿಗೆ ದಾರಿಯಾದರೂ ಇತ್ತು. ಹೆಣ್ಣಿಗೆ? ಮಾಸೂರಿಗೆ ಕುಮುದ್ವತಿ ಹೊಳೆ ಹರಿದು ಬರುವ ಶಿಕಾರಿಪುರದ ಕಡೆಯ ಉಡುತಡಿಯಿಂದ ಅಕ್ಕಮಹಾದೇವಿ ಹೊರಟಳು, ನಿಜ. ಆದರೆ ಕಲ್ಯಾಣ ಮುಟ್ಟಿದ ಮೇಲೂ ಅಲ್ಲಮನ ಕಠಿಣ ಪ್ರಶ್ನೆಗಳಿಗೆ ಉತ್ತರ ಕೊಟ್ಟೇ ಅವಳು ಶರಣರ ನಡುವೆ ಕೂರಬೇಕಾಯಿತು ಎನ್ನುತ್ತದೆ ಶೂನ್ಯಸಂಪಾದನೆ. ಅಕ್ಕನಂಥ ಅಕ್ಕನಿಗೇ ಹೀಗಾದರೆ ಹತ್ತು-ಹನ್ನೊಂದು ವರ್ಷದ ಪೋರಿಯ ಪಾಡೇನು?

ತಬ್ಬಲಿ ಹುಡುಗಿಯರ ಹಳೆಯ ಕಾದಂಬರಿಗಳು ಇಂದಿಗೂ ಕೈಹಿಡಿದು ಕೂರಿಸುವುದು ಈ ಪ್ರಶ್ನೆಯಿಂದಲೇ.

1847ರಲ್ಲಿ ಬಂದ ‘ಜೇನ್ ಐರ್’ ನೋಡಿ. ತಬ್ಬಲಿ ಜೇನ್ ಸೇರಿದ ಲೋವುಡ್ ಎಂಬ ಧರ್ಮಾರ್ಥ ಶಾಲೆಯಲ್ಲಿ ಒಂದು ಬೆಳಿಗ್ಗೆ ಗಂಜಿ ಸೀದುಹೋಗುತ್ತದೆ, ಹುಡುಗಿಯರು ಬಾಯಿಗಿಡಲಾಗದೆ ಹಸಿದು ಏಳುತ್ತಾರೆ. ಮೇಲ್ವಿಚಾರಕಿ ಮಿಸ್ ಟೆಂಪಲ್ ತಾನೇ ಜವಾಬ್ದಾರಿ ಹೊತ್ತು ಅವರಿಗೆ ಬ್ರೆಡ್ಡು, ಚೀಸು ಕೊಡಿಸುತ್ತಾಳೆ. ಶಾಲೆಯ ಯಜಮಾನ, ಪಾದ್ರಿ ಬ್ರಾಕಲ್‌ಹರ್ಸ್ಟ್ ಅದಕ್ಕಾಗಿ ಅವಳನ್ನೇ ಗದರುತ್ತಾನೆ. ಅವನ ಪ್ರಕಾರ ಹಸಿವು ಆ ಮಕ್ಕಳ ಆತ್ಮಕ್ಕೆ ಒಳ್ಳೆಯದು. ದೇವರ ಹೆಸರು ಹೇಳುತ್ತಿದ್ದವನು ಅವನು. ದೇವರ ಕೆಲಸ ಮಾಡಿದವಳು ಅವಳು.

1908ರ ‘ಆನ್ ಆಫ್ ಗ್ರೀನ್ ಗೇಬಲ್ಸ್’ನಲ್ಲಿ ಇದೇ ಪ್ರಶ್ನೆ ಮಗುವಿನ ಬಾಯಿಂದಲೇ ಬರುತ್ತದೆ. ದೇವರು ಬೇಕೆಂದೇ ನಿನ್ನ ಕೂದಲನ್ನು ಕೆಂಪು ಮಾಡಿದ್ದಾನೆ ಎಂದು ಯಾರೋ ಹೇಳಿದ್ದರಿಂದ ಆನ್ ಆ ದೇವರ ಗೊಡವೆಯನ್ನೇ ಬಿಟ್ಟಿದ್ದಾಳೆ. ನಮ್ಮಲ್ಲಿ ಪರದೇಶಿ ಕೂಸಿನ ಎದುರಿಗೇ ‘ಅದರ ಹಣೆಬರಹ’ ಎಂದುಬಿಡುತ್ತೇವಲ್ಲ, ಅದೂ ಇದೇ ಜಾತಿಯ ಮಾತು. ಆನ್ ಬಂದಿಳಿದ ಮನೆಯ ಒಡತಿ ಮರಿಲ್ಲಾ ಮೊಣಕಾಲೂರಿ ಪ್ರಾರ್ಥಿಸಲು ಹೇಳಿದಾಗ ಹುಡುಗಿ, ನಿಜಕ್ಕೂ ಪ್ರಾರ್ಥಿಸಬೇಕೆನಿಸಿದರೆ ತಾನು ಬಯಲಿಗೋ ಕಾಡಿಗೋ ಹೋಗಿ ಆಕಾಶ ನೋಡುತ್ತ ನಿಲ್ಲುತ್ತೇನೆ ಎನ್ನುತ್ತಾಳೆ. ಕೊನೆಗೆ ಅವಳು ಬೇಡುವುದು ಎರಡೇ: ಈ ಮನೆಯಲ್ಲೇ ಉಳಿಯುವಂತಾಗಲಿ, ದೊಡ್ಡವಳಾದಾಗ ಚೆಲುವೆಯಾಗಲಿ. ಮುಗಿಸುವಾಗ ಪತ್ರಕ್ಕೆ ಹಾಕಿದ ಹಾಗೆ ವಿನಯದಿಂದ ಸಹಿ ಬೇರೆ! ಪ್ರಾರ್ಥನೆಯ ಮೊದಲ ಭಾಗವನ್ನು ನಡೆಸಿಕೊಡಬೇಕಾದವಳು ಎದುರಿಗೇ ಕೂತಿದ್ದ ಮರಿಲ್ಲಾ. ಅವಳೇ ನಡೆಸಿಕೊಟ್ಟಳು.

ಕನ್ನಡದಲ್ಲಿ 1899ರ ‘ಇಂದಿರಾಬಾಯಿ’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಗುಲ್ವಾಡಿ ವೆಂಕಟರಾಯರ ಇಂದಿರೆಗೆ ತಂದೆ-ತಾಯಿ ಇದ್ದಾರೆ, ಇದ್ದೂ ಅವಳು ತಬ್ಬಲಿ. ಎಳೆಯ ವಯಸ್ಸಿನಲ್ಲೇ ವಿಧವೆಯಾದ ಅವಳನ್ನು ಅವರು ಧರ್ಮದ ಹೆಸರಿನಲ್ಲೇ ಕಪಟ ಸನ್ಯಾಸಿಗಳ ಸೇವೆಗೆ ದೂಡಲು ನೋಡುತ್ತಾರೆ. ಹುಡುಗಿ ಮನೆ ಬಿಟ್ಟು ಅಮೃತರಾಯರ ಆಶ್ರಯ ಸೇರುತ್ತಾಳೆ, ಓದುತ್ತಾಳೆ, ಭಾಸ್ಕರನನ್ನು ಮರುಮದುವೆಯಾಗುತ್ತಾಳೆ. ಈ ಕಥೆಗೆ ಗುಲ್ವಾಡಿಯವರು ಕೊಟ್ಟ ಇನ್ನೊಂದು ಹೆಸರು ‘ಸದ್ಧರ್ಮ ವಿಜಯ’. ಯಾವುದು ಸದ್ಧರ್ಮ ಎಂಬುದನ್ನು ತೆರೆದ ಒಂದು ಬಾಗಿಲಿನಿಂದ ಅವರು ತೀರ್ಮಾನಿಸಿದರು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಗೆ ಇದಕ್ಕಿಂತ ದೊಡ್ಡ ಗೌರವ ಬೇಕಿಲ್ಲ.

ಹಾಗಾದರೆ ದೇವರೇ ದಿಕ್ಕೆಂಬ ಗಾದೆ ಸುಳ್ಳೇ? ಅಲ್ಲ, ಅದು ಅರ್ಧ ಮಾತು. ಉಳಿದರ್ಧವನ್ನು ಕನ್ನಡದ ಮಕ್ಕಳೆಲ್ಲ ಕೇಳಿ ಬೆಳೆಯುವ ಗೋವಿನ ಹಾಡು ಹೇಳುತ್ತದೆ. ಕೊಟ್ಟ ಮಾತಿಗಾಗಿ ಹುಲಿಯ ಬಾಯಿಗೆ ಹೊರಟ ಹಸು ಪುಣ್ಯಕೋಟಿ ಸತ್ಯವನ್ನು ನಂಬಿದವಳು. ಹಾಗೆಂದು ಕರುವನ್ನು ದೇವರಿಗೊಪ್ಪಿಸಿ ಸುಮ್ಮನಾಗಲಿಲ್ಲ. ಅಕ್ಕತಂಗಿಯರಾದ ಹಸುಗಳ ಮುಂದೆ ನಿಂತು, ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ, ನಿಮ್ಮ ಕಂದನೆಂದೇ ಕಾಣಿರಿ ಎಂದು ಬೇಡಿಕೊಂಡಳು. ಹಾಯುವುದು, ಒದೆಯುವುದು! ತಬ್ಬಲಿಯ ದಿನದಿನದ ಬದುಕನ್ನು ಬಲ್ಲ ತಾಯಿಗೆ ಮಾತ್ರ ಹೊಳೆಯುವ ಮಾತು ಇದು.

ಮನೆಯಲ್ಲಿ ಮಕ್ಕಳಿಗೆ ಆ ಹಾಡು ಹೇಳುವವರು ಹುಲಿಯ ಕಡೆಗೆ ಅವಸರ ಮಾಡದೆ, ಕರುವನ್ನು ಒಪ್ಪಿಸುವ ಆ ಸಾಲುಗಳ ಹತ್ತಿರ ಒಂದಿಷ್ಟು ಹೊತ್ತು ನಿಲ್ಲಲಿ.