ಮಜಾಮಾ ಎಂದ ಮೇಲೆ

ಗುಜರಾತಿಗೆ ಬಂದ ಕನ್ನಡಿಗರು ಮೊದಲು ಕಲಿಯುವುದು ಎರಡು ಮಾತು. "ಕೇಮ್ ಛೋ?" ಅಂದರೆ ಹೇಗಿದ್ದೀರಿ. ಅದಕ್ಕೆ ಉತ್ತರ "ಮಜಾಮಾ", ಮಜವಾಗಿದ್ದೇನೆ. ನಮ್ಮ ಕಡೆ ಇದೇ ಪ್ರಶ್ನೆಗೆ "ಏನೋ, ನಡೀತಾ ಇದೆ" ಎಂದು ಸಣ್ಣ ನಿಟ್ಟುಸಿರು ಬಿಡುವುದಕ್ಕಾದರೂ ಅವಕಾಶವಿದೆ. ಇಲ್ಲಿ ಕಷ್ಟದಲ್ಲಿರುವವನೂ ಮೊದಲು ಮಜಾಮಾ ಎನ್ನಲೇಬೇಕು. ಇದು ನನಗೆ ಮನದಟ್ಟಾದದ್ದು ತಡರಾತ್ರಿಯ ರೇಡಿಯೊ ಕೇಳುತ್ತಾ.

ಕೆಲಸದ ಮೇಲೆ ಆಗಾಗ ಅಹಮದಾಬಾದಿಗೆ ಹೋಗಿ ರಾತ್ರಿ ವಡೋದರಕ್ಕೆ ಹಿಂದಿರುಗುತ್ತೇನೆ. ಎಕ್ಸ್‌ಪ್ರೆಸ್‌ವೇ 93 ಕಿಲೋಮೀಟರ್. ಆ ಹೊತ್ತಿಗೆ ಎಫ್‌ಎಂಗೆ ಜನ ಫೋನ್ ಮಾಡಿ ಮಾತಾಡುತ್ತಾರೆ. ಮುರಿದ ಪ್ರೀತಿ, ಪರೀಕ್ಷೆಯ ಭಯ, ಕೆನಡಾಕ್ಕೆ ಹೋದ ಮಗ, ಏರಿದ ಬಾಡಿಗೆ. ದಾರಿಯ ನಡುವೆ ಎಲ್ಲೋ ಅಹಮದಾಬಾದಿನ ದನಿ ಗರಗರ ಎಂದು ಕರಗಿ ವಡೋದರದ ದನಿ ಕೇಳತೊಡಗುತ್ತದೆ. ಒಬ್ಬರ ಕಷ್ಟ ಅರ್ಧಕ್ಕೆ ನಿಲ್ಲುತ್ತದೆ, ಇನ್ನೊಬ್ಬರ ಕಷ್ಟ ಅರ್ಧದಿಂದ ಶುರುವಾಗುತ್ತದೆ.

2024ರಲ್ಲಿ ಒಂದು ರಾತ್ರಿ ಸೂರತ್‌ನ ಹೋಟೆಲಿನಲ್ಲಿ ಕೇಳಿದ ಕರೆಯೊಂದು ಮರೆತಿಲ್ಲ. ಮಾತಾಡಿದವನು ವಜ್ರಕ್ಕೆ ಪಾಲಿಶ್ ಹಾಕುವ ಕೆಲಸಗಾರ. ಇಲ್ಲಿ ಅವರನ್ನು 'ರತ್ನಕಲಾಕಾರ' ಎನ್ನುತ್ತಾರೆ. ಕೇಮ್ ಛೋ, ಮಜಾಮಾ ಮುಗಿಯಿತು. ಆಮೇಲೆ ಆತ ಹೇಳಿದ: ಕಾರ್ಖಾನೆಯಲ್ಲಿ ಕೆಲಸ ಹೋಗಿದೆ, ಹೆಂಡತಿಗೆ ಹೇಳಿಲ್ಲ, ದಿನಾ ಬೆಳಿಗ್ಗೆ ಡಬ್ಬಿ ಹಿಡಿದು ಹೊರಡುತ್ತೇನೆ. ನಿರೂಪಕ ಮೃದುವಾಗಿ ಮಾತಾಡಿದ. ಹೆಂಡತಿಗೆ ಹೇಳಿ, ಧೈರ್ಯ ಕಳೆದುಕೊಳ್ಳಬೇಡಿ, ಒಳ್ಳೆಯ ದಿನ ಬಂದೇ ಬರುತ್ತದೆ ಎಂದ. ನಂತರ ಒಂದು ಹಾಡು. ಹಾಡು ಶುರುವಾದಾಗ ನನಗೆ ಸಮಾಧಾನವಾಯಿತು. ಆ ಸಮಾಧಾನ ಎಲ್ಲಿಂದ ಬಂತು ಎಂದು ಕೇಳಿಕೊಂಡಾಗ ನಾಚಿಕೆಯಾಯಿತು. ಅವನ ಕೆಲಸ ಏಕೆ ಹೋಯಿತು ಎಂದು ಅಲ್ಲಿ ಯಾರೂ ಕೇಳಲಿಲ್ಲ. ನನಗೂ ಕೇಳಬೇಕು ಅನ್ನಿಸಲಿಲ್ಲ.

ಜಗತ್ತಿನ ಹತ್ತು ವಜ್ರಗಳಲ್ಲಿ ಸುಮಾರು ಒಂಬತ್ತು ಹೊಳಪು ಪಡೆಯುವುದು ಸೂರತ್‌ನಲ್ಲಿ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯಾದ ವಜ್ರಗಳ ಮೇಲೆ ನಿರ್ಬಂಧ ಬಂತು. ಅಮೆರಿಕ, ಚೀನಾಗಳಲ್ಲಿ ಬೇಡಿಕೆ ಕುಸಿಯಿತು. ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರ ಅಗ್ಗವಾಯಿತು. ಆತ್ಮಹತ್ಯೆಗಳ ಸುದ್ದಿ ಕೇಳಿಬಂದಾಗ, 2024ರ ಜುಲೈಯಲ್ಲಿ ಅಲ್ಲಿನ ವಜ್ರ ಕಾರ್ಮಿಕರ ಸಂಘ ಒಂದು ಸಹಾಯವಾಣಿ ತೆರೆಯಿತು. ಕರೆ ಮಾಡಿದವರು ಕೇಳಿದ್ದು ಮುಖ್ಯವಾಗಿ ಕೆಲಸ, ಮಕ್ಕಳ ಶಾಲಾ ಶುಲ್ಕ, ಸಾಲದ ಕಂತಿಗೆ ನೆರವು. ಎಂದರೆ ಡಬ್ಬಿ ಹಿಡಿದು ಹೊರಡುತ್ತಿದ್ದವನು ಒಬ್ಬನೇ ಆಗಿರಲಿಲ್ಲ. ರೇಡಿಯೊದಲ್ಲಿ ಮಾತ್ರ ಅವನು ಒಬ್ಬನೇ ಆಗಿದ್ದ.

ಇದಕ್ಕೆ ನಿರೂಪಕನನ್ನು ದೂರುವುದು ಸುಲಭ. ಆದರೆ ಅವನ ಕೈ ಕಟ್ಟಿದೆ. ಗಾಳಿಯ ತರಂಗಗಳು ಸಾರ್ವಜನಿಕ ಆಸ್ತಿ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಆದರೂ ಖಾಸಗಿ ಎಫ್‌ಎಂ ಸ್ವಂತ ಸುದ್ದಿ ಬಿತ್ತರಿಸುವಂತಿಲ್ಲ. 2011ರ ನೀತಿ ಆಕಾಶವಾಣಿಯ ವಾರ್ತೆಯನ್ನು ಇದ್ದಹಾಗೇ ಪ್ರಸಾರ ಮಾಡಲು ಮಾತ್ರ ಒಪ್ಪಿತು. ಹೀಗಾಗಿ ರಾತ್ರಿ ಹನ್ನೊಂದಕ್ಕೆ ಅಳುವವನ ದುಃಖ ಪ್ರಸಾರವಾಗಬಹುದು, ಆ ದುಃಖದ ಕಾರಣವನ್ನು ಹುಡುಕಿ ಹೇಳುವುದು ಕಷ್ಟ. ಕಾರಣ ಸುದ್ದಿಯಾಗುತ್ತದೆ, ಕಣ್ಣೀರು ಮನರಂಜನೆಯಾಗಿ ಉಳಿಯುತ್ತದೆ.

ಆ ಹೊತ್ತಿನಲ್ಲಿ ಕಾರಣ ಯಾರಿಗೆ ಬೇಕು ಎಂದು ನನ್ನ ಗೆಳತಿ ಕೇಳಿದಳು. ಮುಳುಗುವವನಿಗೆ ಮೊದಲು ಕೈ ಕೊಡಬೇಕು, ಹೊಳೆಯ ಆಳ ಆಮೇಲೆ ಅಳೆಯಬಹುದು ಎಂದಳು. ಅವಳ ಮಾತು ಸುಳ್ಳಲ್ಲ. ಪರ ಊರಿನಲ್ಲಿ ಒಂಟಿ ಕೋಣೆಯಲ್ಲಿ ಮಲಗಿ ಬಲ್ಲವರಿಗೆ ರಾತ್ರಿ ಒಂದು ದನಿಯ ಬೆಲೆ ಗೊತ್ತು. ಗುಜರಾತಿ ಅರ್ಥವಾಗದ ದಿನಗಳಲ್ಲೂ ನಾನು ಆ ದನಿಗಳನ್ನು ಕೇಳುತ್ತಾ ನಿದ್ದೆ ಹೋದವನು.

ಆದರೂ ನನಗೆ ಅನ್ನಿಸುವುದಿಷ್ಟು. ನೂರಾರು ಜನರ ಕಷ್ಟವನ್ನು ಒಬ್ಬೊಬ್ಬರಿಗೂ "ನಿನ್ನ ಕಷ್ಟ, ನಿನ್ನ ಧೈರ್ಯ" ಎಂದು ಹಂಚಿಬಿಟ್ಟರೆ ಸಾಂತ್ವನದ ಒಳಗೇ ಒಂದು ಅನ್ಯಾಯ ಸೇರಿಕೊಳ್ಳುತ್ತದೆ. ಸೋತವನಿಗೆ ತಾನೇ ತಪ್ಪು ಮಾಡಿದೆ ಎನ್ನಿಸುತ್ತದೆ. ಅದಕ್ಕೇ ಅಲ್ಲವೇ ಆತ ಹೆಂಡತಿಯಿಂದ ಮುಚ್ಚಿಟ್ಟದ್ದು? ನಿನ್ನ ಹಾಗೆ ಬಹಳ ಜನ ಇದ್ದಾರೆ, ಇದು ನಿನ್ನ ತಪ್ಪಲ್ಲ ಎಂದು ಯಾರಾದರೂ ಹೇಳಿದ್ದರೆ ಅದೂ ಕೈ ಕೊಟ್ಟಂತೆಯೇ ಆಗುತ್ತಿತ್ತು. ನಿರೂಪಕನಿಗೆ ನಿಯಮ ಅಡ್ಡ ಬರುತ್ತದೆ ಎನ್ನೋಣ. ಕೇಳುಗನಾದ ನನಗೆ ಯಾವ ನಿಯಮ ಅಡ್ಡ ಬಂದಿತ್ತು?

ಮರುದಿನ ಬೆಳಿಗ್ಗೆ ಹೋಟೆಲಿನ ಎದುರು ಚಹಾ ಕುಡಿಯಲು ನಿಂತೆ. ಕೇಮ್ ಛೋ ಎಂದೆ. ಮಜಾಮಾ ಎಂದ ಚಹಾದವನು. ಅಷ್ಟಕ್ಕೇ ಬಿಡದೆ, ವ್ಯಾಪಾರ ಹೇಗಿದೆ ಎಂದು ಕೇಳಿದೆ. ಅವನು ನನ್ನನ್ನೊಮ್ಮೆ ನೋಡಿ ಒಲೆ ಸಣ್ಣ ಮಾಡಿದ. ಎದುರಿನ ಕಾರ್ಖಾನೆಯಿಂದ ಮೊದಲು ಎಷ್ಟು ಲೋಟ ಚಹಾ ಹೋಗುತ್ತಿತ್ತು, ಈಗ ಎಷ್ಟು ಹೋಗುತ್ತದೆ ಎಂದು ಲೆಕ್ಕ ಹೇಳತೊಡಗಿದ. ನನ್ನ ರೈಲಿಗೆ ಹೊತ್ತಾಗುತ್ತಿತ್ತು. ಆದರೂ ಪೂರ್ತಿ ಕೇಳಿಯೇ ಹೊರಟೆ.