ಕಾಣದವನೊಡನೆ ವ್ಯಾಪಾರ

ತೊಗರಿಯನ್ನು ಬೆಳೆಯದೆ, ಕೊಳ್ಳದೆ, ಕಣ್ಣಿನಿಂದ ನೋಡದೆ ಮಾರುವುದು ಸಾಧ್ಯವೆ? ವಿದ್ಯಾರ್ಥಿಯೊಬ್ಬನು ತರಗತಿಯಲ್ಲಿ ಹೀಗೆ ಕೇಳಿದಾಗ ನಾವು ಒಡನೆ ಉತ್ತರಿಸಲಾರದೆ ಹೋದೆವು. ಸಾಧ್ಯವೆ ಎಂಬುದು ಲೆಕ್ಕದ ಮಾತು. ಸರಿಯೆ ಎಂಬುದು ನೀತಿಯ ಮಾತು. ಅವನು ಕೇಳಿದುದು ಮೊದಲನೆಯದು. ನಮ್ಮನ್ನು ಕಾಡಿದುದು ಎರಡನೆಯದು.

ಉಮರ್ಗಾ, ನಿಲಂಗಾ, ಉದಗೀರಗಳ ಕನ್ನಡಿಗರಿಗೆ ಪೇಟೆ ಹೊಸದಲ್ಲ. ನಿಲಂಗಾ, ಉದಗೀರಗಳು 1956ರವರೆಗೆ ಬೀದರ ಜಿಲ್ಲೆಯ ತಾಲ್ಲೂಕುಗಳಾಗಿದ್ದವು. ಗಡಿ ಬದಲಾಯಿತು, ಕಪ್ಪು ನೆಲವು ಬದಲಾಗಲಿಲ್ಲ, ತೊಗರಿಯ ಚೀಲ ಮೋಂಢಾಕ್ಕೆ ಹೋಗುವುದೂ ನಿಲ್ಲಲಿಲ್ಲ. ಹಿಂದಿನ ಪೇಟೆಗಳಲ್ಲಿ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಧಾರಣೆ ಕಟ್ಟುವ ವಾಡಿಕೆಯಿತ್ತು. ಆ ವ್ಯಾಪಾರವು ನಿರ್ಮಲವಾಗಿತ್ತೆಂದು ನಾವು ಹೇಳುವುದಿಲ್ಲ. ತೂಕದಲ್ಲಿ ಮೋಸವಿತ್ತು; ಸಾಲದ ಹಂಗಿತ್ತು; ದೂರದ ಧಾರಣೆಯು ರೈತನಿಗೆ ತಿಳಿಯುತ್ತಿರಲಿಲ್ಲ. ಆದರೆ ವಂಚಿಸಿದವನಿಗೂ ತಾನು ಯಾರನ್ನು ವಂಚಿಸಿದೆನೆಂಬುದು ಗೊತ್ತಿತ್ತು.

2003ರಲ್ಲಿ ಎಂಸಿಎಕ್ಸ್, ಎನ್‌ಸಿಡಿಇಎಕ್ಸ್ ಎಂಬ ವಿನಿಮಯ ಕೇಂದ್ರಗಳು ಗಣಕಯಂತ್ರದ ಮೂಲಕ ವಾಯಿದೆ ವ್ಯಾಪಾರವನ್ನು ತೆರೆದವು. ಮುಂದಿನ ತಿಂಗಳೊಂದರ ಧಾರಣೆಯನ್ನು ಇಂದೇ ಗೊತ್ತುಪಡಿಸಿಕೊಳ್ಳುವ ಕರಾರೇ ವಾಯಿದೆ. ಬಿತ್ತಿದವನಿಗೆ ಅದು ಧಾರಣೆಯ ಕುಸಿತದಿಂದ ಆಸರೆಯಾಗಬಲ್ಲದು. ಅವನ ಭಯವನ್ನು ಲಾಭದ ಆಸೆಯಿಂದ ಹೊರುವವನೊಬ್ಬನೂ ಬೇಕಷ್ಟೆ. ಆದುದರಿಂದ ಸಟ್ಟಾ ಎಂದೊಡನೆ ಪಾಪವೆನ್ನುವುದು ಅವಿಚಾರವಾದೀತು. ಹಾಗೆಯೇ, 1964ರಲ್ಲಿ ಯೂನಿಟ್ ಟ್ರಸ್ಟ್ ಆರಂಭವಾದಂದಿನಿಂದ ನಿಧಿಗಳಲ್ಲಿ ತಾಳ್ಮೆಯಿಂದ ಹಣ ತೊಡಗಿಸಿದ ಸಂಬಳದಾರನನ್ನು ಯಾರೂ ಜೂಜುಗಾರನೆನ್ನಲಾರರು. ಅವನು ದೇಶದ ಉದ್ಯಮದಲ್ಲಿ ಪಾಲುಗಾರನು.

ಆದರೆ ನಡೆದುದೇನು? ತೊಗರಿ, ಉದ್ದುಗಳ ವಾಯಿದೆಯನ್ನು 2007ರ ಜನವರಿಯಲ್ಲಿಯೂ ಸೋಯಾಬೀನಿನದನ್ನು 2021ರ ಡಿಸೆಂಬರಿನಲ್ಲಿಯೂ ಬೆಲೆಯೇರಿಕೆಯ ಅಂಜಿಕೆಯಿಂದ ತಡೆಯಲಾಯಿತು. ನಮ್ಮ ನೆಲದ ಬೆಳೆಗೆ ಬಾಗಿಲು ಮುಚ್ಚಿದಾಗಲೂ ಷೇರುಗಳ ವಾಯಿದೆಯ ಬಾಗಿಲು ಅಂಗೈಯ ಮೊಬೈಲಿನಲ್ಲಿ ತೆರೆದೇ ಇತ್ತು. ಅಲ್ಲಿ 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ವ್ಯವಹರಿಸಿದ ಬಿಡಿ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ನಷ್ಟ ಹೊಂದಿದರೆಂದು ಸೆಬಿ ಸಂಸ್ಥೆಯು 2024ರಲ್ಲಿ ಪ್ರಕಟಿಸಿತು. ಒಟ್ಟು ನಷ್ಟವು 1.8 ಲಕ್ಷ ಕೋಟಿ ರೂಪಾಯಿಗಳಿಗೂ ಮಿಗಿಲು.

ಹೀಗೆ ಕಳೆದುಕೊಂಡವರಲ್ಲಿ ನಾವೂ ಒಬ್ಬರು. ಶಾಲೆಯ ಬಿಡುವಿನ ವೇಳೆಗಳಲ್ಲಿ ಒಂದು ತಿಂಗಳ ಸಂಬಳವು ಕರಗಿಹೋಯಿತು. ನಮ್ಮ ಮೌನಕ್ಕೆ ಕಾರಣವೂ ಅದೇ. ಆದರೆ ಸೋತದ್ದಕ್ಕಿಂತ ಹೆಚ್ಚಾಗಿ ನಮ್ಮನ್ನು ನಾಚಿಸುವುದು ಮೊದಲ ದಿನದ ಗೆಲವು. ಅಂದು ಬಂದ ಹಣವು ಯಾರ ಕೈಯಿಂದ ಬಂದಿತೆಂದು ನಾವು ಕೇಳಲೇ ಇಲ್ಲ. ನಮ್ಮಂತಹ ಇನ್ನೊಬ್ಬ ಉಪಾಧ್ಯಾಯನ ಸಂಬಳವೇ ಅದಾಗಿರಬಹುದಿತ್ತಲ್ಲವೆ?

ಲೋಕದಲ್ಲಿ ಮೊದಲೇ ಇರುವ ಅಪಾಯವನ್ನು ಹೊರುವುದು ಒಂದು. ಇಲ್ಲದ ಅಪಾಯವನ್ನು ಹುಟ್ಟಿಸಿಕೊಂಡು ಆಡುವುದು ಇನ್ನೊಂದು. ಮೊದಲನೆಯದರಲ್ಲಿ ಒಬ್ಬನ ಹೊರೆ ಇಳಿಯುತ್ತದೆ. ಎರಡನೆಯದರಲ್ಲಿ ಹಣವು ಬರಿದೆ ಕೈ ಬದಲಾಯಿಸುತ್ತದೆ. ಉಮರ್ಗಾಕ್ಕೆ ಬಹು ದೂರವಲ್ಲದ ಬಸವಕಲ್ಯಾಣದ ಶರಣರು 12ನೆಯ ಶತಮಾನದಲ್ಲಿ ಕಾಯಕವೆಂದುದು ಅನ್ಯರಿಗೂ ಒದಗುವ ದುಡಿಮೆಯನ್ನು. ಆ ಒರೆಗಲ್ಲು ಇಂದಿಗೂ ಸವೆದಿಲ್ಲ.

ಮರುದಿನ ನಾವು ಆ ಹುಡುಗನಿಗೆ ಇಷ್ಟೇ ಹೇಳಿದೆವು: “ಸಾಧ್ಯವುಂಟು, ಮಗು. ಆದರೆ ಲಾಭ ಬಂದಾಗ, ಇದರಿಂದ ಯಾರ ಹೊರೆ ಇಳಿಯಿತು ಎಂದು ಕೇಳಿಕೋ. ಯಾರದೂ ಇಲ್ಲವೆಂದಾದರೆ, ಅದು ಯಾರದೋ ಹೆಗಲಿಗೆ ಏರಿದೆಯೆಂದು ತಿಳಿ.”