ಹನುಶನ ಕಣ್ಣು, ಮಿಕುಲಾಶನ ಹೆಸರು

ಪ್ರಾಗ್ ನಗರದ ಹಳೆಯ ಪುರಭವನದ ದಕ್ಷಿಣ ಗೋಡೆಯ ಮೇಲೊಂದು ಗಡಿಯಾರವಿದೆ. ಚೆಕ್ ಜನ ಅದನ್ನು ಓರ್ಲೋಯ್ ಎಂದು ಕರೆಯುತ್ತಾರೆ. ಗಂಟೆ ತುಂಬಿದಾಗ ಸಾವಿನ ರೂಪದ ಅಸ್ಥಿಪಂಜರವೊಂದು ಗಂಟೆಯ ಹಗ್ಗ ಎಳೆಯುತ್ತದೆ. ಕನ್ನಡಿ ಹಿಡಿದವನು, ಹಣದ ಚೀಲ ಹಿಡಿದವನು 'ಇನ್ನೂ ನಮ್ಮ ಹೊತ್ತಾಗಿಲ್ಲ' ಎನ್ನುವಂತೆ ತಲೆ ಅಲ್ಲಾಡಿಸುತ್ತಾರೆ. ಮೇಲಿನ ಎರಡು ಕಿಟಕಿಗಳಲ್ಲಿ ಯೇಸುವಿನ ಶಿಷ್ಯರು ಸಾಲಾಗಿ ಹಾದುಹೋಗುತ್ತಾರೆ, ಕೊನೆಗೆ ಒಂದು ಹುಂಜ ಕೂಗುತ್ತದೆ. ಗೊಂಬೆಯಾಟ ಇಷ್ಟೇ. ಆದರೆ ನೆರೆದವರು ಊರಿಗೆ ಒಯ್ಯುವುದು ಗೊಂಬೆಯಾಟವನ್ನಲ್ಲ, ಅದರ ಜೊತೆ ಹೇಳುವ ಕಥೆಯನ್ನು.

ಕಥೆ ಹೀಗಿದೆ. ಈ ಗಡಿಯಾರವನ್ನು ಮಾಡಿದವನು ಹನುಶ್ ಎಂಬ ಗುರು. ಇಂಥದ್ದೇ ಇನ್ನೊಂದನ್ನು ಬೇರೆ ಊರಿಗೆ ಮಾಡಿಕೊಟ್ಟಾನೆಂಬ ಭಯಕ್ಕೆ ನಗರದ ಹಿರಿಯರು ಅವನ ಕಣ್ಣುಗಳನ್ನು ಸುಡಿಸಿದರು. ಕುರುಡನಾದ ಹನುಶ್ ಒಂದು ದಿನ ಗಡಿಯಾರದ ಒಳಗೆ ಹೋಗಿ, ತಡಕಾಡಿ, ಅದರ ಮರ್ಮಕ್ಕೆ ಕೈಹಾಕಿದ. ಗಡಿಯಾರ ನಿಂತಿತು, ನೂರು ವರ್ಷ ಅದನ್ನು ಸರಿಪಡಿಸುವವರೇ ಸಿಗಲಿಲ್ಲ. 1894ರಲ್ಲಿ ಬಂದ ಅಲೊಯಿಸ್ ಯಿರಾಸೆಕ್‌ನ ಹಳೆಯ ಬೊಹೀಮಿಯದ ಐತಿಹ್ಯಗಳ ಪುಸ್ತಕ ಈ ಕಥೆಯನ್ನು ಮನೆಮನೆಗೆ ತಲುಪಿಸಿತು.

ಇದು ನಡೆದದ್ದಲ್ಲ. ಗಡಿಯಾರದ ಮೊದಲ ಉಲ್ಲೇಖವಿರುವುದು 1410ರ ಅಕ್ಟೋಬರ್ 9ರ ದಾಖಲೆಯಲ್ಲಿ. ಕಟ್ಟಿದವನು ಕಡಾನ್ ಊರಿನ ಮಿಕುಲಾಶ್. ಜೊತೆಗಿದ್ದವನು ಯಾನ್ ಶಿಂಡೆಲ್, ಮುಂದೆ ಅದೇ ನಗರದ ಚಾರ್ಲ್ಸ್ ವಿಶ್ವವಿದ್ಯಾಲಯದಲ್ಲಿ ಗಣಿತ, ಖಗೋಳ ಶಾಸ್ತ್ರ ಕಲಿಸಿದವನು. 1552ರಲ್ಲಿ ಗಡಿಯಾರವನ್ನು ರಿಪೇರಿ ಮಾಡಿದ ಯಾನ್ ತಾಬೋರ್ಸ್ಕಿ ಅದರ ಬಗ್ಗೆ ಒಂದು ವರದಿ ಬರೆದ. ಹಳೆಯ ದಾಖಲೆಗಳನ್ನು ತಪ್ಪಾಗಿ ಓದಿ, ಮಾಡಿದವನು ಹನುಶ್ ಎಂದುಬಿಟ್ಟ. ಗಡಿಯಾರವನ್ನು ಅಷ್ಟು ಪ್ರೀತಿಯಿಂದ ನೋಡಿಕೊಂಡವನ ಕೈಯಿಂದಲೇ ಈ ತಪ್ಪಾಯಿತು! ಅದನ್ನು ತಿದ್ದಲು ಇಪ್ಪತ್ತನೆಯ ಶತಮಾನದ ಇತಿಹಾಸಕಾರ ಜ್ದೆನೆಕ್ ಹೋರ್ಸ್ಕಿ ಬರಬೇಕಾಯಿತು.

ಗಡಿಯಾರದ ಮುಖವನ್ನು ಸ್ವಲ್ಪ ನೋಡೋಣ. ನಡುವೆ ಭೂಮಿ. ಸುತ್ತಲಿನ ನೀಲಿ ಹಗಲಿನ ಆಕಾಶ, ಕಪ್ಪು ರಾತ್ರಿಯದು. ಹನ್ನೆರಡು ರಾಶಿಗಳ ಉಂಗುರವೊಂದು ತಿರುಗುತ್ತದೆ, ಅದರ ಮೇಲೆ ಸೂರ್ಯ, ಚಂದ್ರ ಚಲಿಸುತ್ತಾರೆ. ಚಂದ್ರನದು ಅರ್ಧ ಬೆಳ್ಳಿ, ಅರ್ಧ ಕಪ್ಪಿನ ಗುಂಡು, ಹೀಗಾಗಿ ಹುಣ್ಣಿಮೆ ಅಮಾವಾಸ್ಯೆಗಳೂ ಕಾಣುತ್ತವೆ. ಎಲ್ಲಕ್ಕೂ ಹೊರಗಿನ ಉಂಗುರದಲ್ಲಿ ಹೊನ್ನಿನ ಬಣ್ಣದ 24 ಅಂಕಿಗಳು. ಅದು ಹಳೆಯ ಬೊಹೀಮಿಯದ ಕಾಲಗಣನೆ. ನಮ್ಮ ಪಂಚಾಂಗದವರು ಸೂರ್ಯೋದಯದಿಂದ ಘಳಿಗೆ ಎಣಿಸಿದರೆ, ಅವರು ಗಂಟೆ ಎಣಿಸಿದ್ದು ಸೂರ್ಯಾಸ್ತದಿಂದ. ಸೂರ್ಯ ಮುಳುಗುವ ಹೊತ್ತು ದಿನದಿನಕ್ಕೆ ಬದಲಾಗುವುದರಿಂದ ಆ ಉಂಗುರವೂ ವರ್ಷವಿಡೀ ಹಿಂದೆ ಮುಂದೆ ಸರಿಯುತ್ತಿರುತ್ತದೆ. ಗುಂಡಾದ ಆಕಾಶವನ್ನು ಚಪ್ಪಟೆ ಹಲಗೆಯ ಮೇಲೆ ಇಳಿಸುವ ಈ ಲೆಕ್ಕ ಟಾಲೆಮಿಗೆ ಗೊತ್ತಿತ್ತು. ಅರಬ್ಬಿ ವಿದ್ವಾಂಸರು ಅದನ್ನು ಆಸ್ಟ್ರೊಲೇಬ್ ಎಂಬ ಉಪಕರಣದಲ್ಲಿ ಬೆಳೆಸಿದರು, ಅಲ್ಲಿಂದ ಯುರೋಪಿಗೆ ಬಂತು. ಓರ್ಲೋಯ್ ಎಂದರೆ ಯಂತ್ರ ಜೋಡಿಸಿದ ದೊಡ್ಡ ಆಸ್ಟ್ರೊಲೇಬ್.

ಹಾಗಾದರೆ ಕಣ್ಣು ಸುಟ್ಟು ಉಳಿಸಿಕೊಳ್ಳುವ ಗುಟ್ಟು ಏನಿತ್ತು? ಲೆಕ್ಕ ಪುಸ್ತಕಗಳಲ್ಲಿತ್ತು, ವಿಶ್ವವಿದ್ಯಾಲಯದಲ್ಲಿತ್ತು, ಇಬ್ಬರು ಕೂತು ಮಾತಾಡಿದ ಮೇಜಿನ ಮೇಲಿತ್ತು. ಕಥೆಯ ಹಿರಿಯರು ಮಾತ್ರ ವಿದ್ಯೆ ಒಬ್ಬನ ಕಣ್ಣುಗಳೊಳಗೆ ಕೂತಿದೆ ಎಂದು ನಂಬಿದ್ದಾರೆ. ವಿಚಿತ್ರವೆಂದರೆ, ಅವರನ್ನು ಶಪಿಸುವ ಕಥೆಗಾರನೂ ಅದನ್ನೇ ನಂಬಿದ್ದಾನೆ. ಹನುಶನ ಕಣ್ಣು ಹೋದರೆ ಜಗತ್ತಿನಲ್ಲಿ ಬೇರೆ ಯಾರಿಗೂ ಇದು ಬಾರದು!

ಕಥೆ ನಿಂತಿರುವುದು ಕಸುಬಿನವನ ಪರವಾಗಿ, ನಿಜ. ದುಡ್ಡು ಕೊಟ್ಟವನು ಕೆಲಸವನ್ನಷ್ಟೇ ಅಲ್ಲ, ಕೆಲಸಗಾರನ ಕೈಯನ್ನೂ ಕೊಂಡಿದ್ದೇನೆಂದು ತಿಳಿಯುವುದು ಎಲ್ಲ ಕಾಲದಲ್ಲೂ ಇದೆ. ಅದಕ್ಕೇ ಮಾಸ್ಕೋದ ಸೇಂಟ್ ಬೇಸಿಲ್ ಚರ್ಚಿನ ಶಿಲ್ಪಿಯ ಕಣ್ಣುಗಳು, ತಾಜ್ ಮಹಲಿನ ಕೆಲಸಗಾರರ ಕೈಗಳು ಇಂಥದ್ದೇ ಕಥೆಗಳಲ್ಲಿ ಹೋಗಿವೆ, ಯಾವುದಕ್ಕೂ ಆಧಾರವಿಲ್ಲದೆ. ಆದರೆ ಅನ್ಯಾಯದ ವಿರುದ್ಧ ಕಟ್ಟಿದ ಕಥೆಯೇ ಒಬ್ಬನ ಹೆಸರನ್ನು ಅಳಿಸಿದರೆ ಅದನ್ನು ಏನೆನ್ನಬೇಕು? ಮಿಕುಲಾಶನ ಕಣ್ಣಿಗೆ ಏನೂ ಆಗಲಿಲ್ಲ. ಅವನ ಕೆಲಸ ಮಾತ್ರ ಶತಮಾನಗಳ ಕಾಲ ಇನ್ನೊಬ್ಬನ ಲೆಕ್ಕಕ್ಕೆ ಹೋಯಿತು.

ಸತ್ತವನಿಗೆ ಇದರಿಂದ ಏನು ನಷ್ಟ ಎಂದು ಕೇಳಬಹುದು. ಬದುಕಿದ್ದವರಿಗೆ ಆಗುವುದು ಸತ್ತವರಿಗೆ ತಟ್ಟುತ್ತದೆಯೇ ಎಂದು ಅರಿಸ್ಟಾಟಲನೂ ತನ್ನ ನೀತಿಶಾಸ್ತ್ರದಲ್ಲಿ ಕೇಳಿಕೊಂಡ. ತಟ್ಟಿದರೂ ಅಲ್ಪ ಎಂಬಲ್ಲಿಗೆ ಬಂದು ನಿಂತ. ನನಗೆ ಆ ಉತ್ತರ ಸಾಲದು. ಮಿಕುಲಾಶನಿಗೆ ನೋವಾಯಿತೇ ಎಂಬುದು ನನ್ನ ಚಿಂತೆಯಲ್ಲ. ಅವನಿಗೆ ಸಲ್ಲಬೇಕಾದದ್ದು ನಮ್ಮ ಕೈಯಲ್ಲಿದೆ, ನಾವು ಕೊಟ್ಟಿಲ್ಲ. ಸಾಲ ಕೊಟ್ಟವನು ಸತ್ತ ಮಾತ್ರಕ್ಕೆ ಸಾಲ ತೀರಿತು ಎನ್ನುವವರನ್ನು ನಾವು ಒಳ್ಳೆಯವರೆನ್ನುವುದಿಲ್ಲವಲ್ಲ. ಇನ್ನೊಂದು ಕಡೆಯೂ ಇದೆ: ಮಾಡದ ಕ್ರೌರ್ಯವನ್ನು ಹೊತ್ತ ಆ ಹಿರಿಯರು. ಅಧಿಕಾರದಲ್ಲಿದ್ದವರ ಮೇಲೆ ಸುಳ್ಳು ಹೊರಿಸಿದರೆ ಯಾರ ಮನಸ್ಸೂ ಚುರ್ ಎನ್ನುವುದಿಲ್ಲ, ನನ್ನದೂ ಸೇರಿ. ಆದರೂ ಅದು ಸುಳ್ಳೇ.

ನಮ್ಮ ಜಕಣಾಚಾರಿಯ ಕಥೆ ಈ ಜಾತಿಯದೇ, ಸ್ವಲ್ಪ ಬೇರೆ. ಅಲ್ಲಿ ಕೈ ಕಡಿಯುವುದು ರಾಜನಲ್ಲ, ತಾನು ಕೆತ್ತಿದ ವಿಗ್ರಹದ ದೋಷವನ್ನು ಮಗ ತೋರಿಸಿಕೊಟ್ಟಾಗ ಶಿಲ್ಪಿ ತಾನೇ ಕಡಿದುಕೊಳ್ಳುತ್ತಾನೆ. ಕೈದಾಳದಲ್ಲಿ ಕೈ ಮತ್ತೆ ಬರುತ್ತದೆ. ದ್ವೇಷವಿಲ್ಲದ ಕಥೆ, ಅದಕ್ಕೇ ನನಗೆ ಹೆಚ್ಚು ಇಷ್ಟ. ಆದರೆ ಇಲ್ಲೂ ಅದೇ ಬಾಕಿ ಉಳಿದಿದೆ. ಬೇಲೂರಿನಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ, ಸೋಮನಾಥಪುರದಲ್ಲಿ ಮಲ್ಲಿತಮ್ಮ ತಮ್ಮ ಹೆಸರನ್ನು ಕಲ್ಲಿನಲ್ಲೇ ಕೆತ್ತಿಟ್ಟಿದ್ದಾರೆ. ಶಾಲೆಯ ಪ್ರವಾಸದಲ್ಲಿ ಮಕ್ಕಳು ಕೇಳಿ ಬರುವುದು ಜಕಣಾಚಾರಿಯ ಹೆಸರನ್ನು.

ಗಡಿಯಾರ ನಿಂತದ್ದಕ್ಕೂ ಶಾಪ ಬೇಕಿರಲಿಲ್ಲ. ಹಲ್ಲುಚಕ್ರ ಸವೆಯುತ್ತದೆ, ನೋಡಿಕೊಳ್ಳುವವರು ಇಲ್ಲವಾಗುತ್ತಾರೆ. ಅದನ್ನು ಅಲಕ್ಷಿಸಿದರೆ ಊರಿಗೆ ಕೇಡು ಎಂಬ ನಂಬಿಕೆಯೂ ಪ್ರಾಗಿನಲ್ಲಿದೆ, ಆ ನಂಬಿಕೆಯಲ್ಲಿ ಕನಿಷ್ಠ ರಿಪೇರಿಯವನಿಗೆ ಒಂದು ಜಾಗವಿದೆ. 1945ರ ಮೇ ತಿಂಗಳಲ್ಲಿ, ಯುದ್ಧ ಮುಗಿಯುವ ಹೊತ್ತಿಗೆ, ಜರ್ಮನ್ ಸೇನೆಯ ದಾಳಿಯಲ್ಲಿ ಪುರಭವನಕ್ಕೆ ಬೆಂಕಿ ಬಿತ್ತು. ಮರದ ಶಿಷ್ಯರು ಸುಟ್ಟುಹೋದರು. ವೊಯ್ಟೇಖ್ ಸುಖಾರ್ಡಾ ಹೊಸ ಗೊಂಬೆಗಳನ್ನು ಕೆತ್ತಿದ. ಯಂತ್ರವನ್ನು ಬಿಚ್ಚಿ, ಸರಿಪಡಿಸಿ, ಮತ್ತೆ ಜೋಡಿಸಿದರು. 1948ರಲ್ಲಿ ಗಡಿಯಾರ ಮತ್ತೆ ನಡೆಯಿತು. ಈಗ ಕಿಟಕಿಯಲ್ಲಿ ಹಾದುಹೋಗುವವರು ಸುಖಾರ್ಡಾನ ಶಿಷ್ಯರು.